ದೀಪ ಹಚ್ಚುವ ಹೊತ್ತಿನಲ್ಲಿ ಆಡಿದ ಮಾತು

ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ ಯಾವುದೂ ಮುಗಿಯುತ್ತಿರಲಿಲ್ಲ. ಡಬ್ಬದಲ್ಲಿ ಒಂದು ಕಾಳು ಅಕ್ಕಿ ಇಲ್ಲದಿದ್ದರೂ ಅವ್ವ ‘ಅಕ್ಕಿ ತುಂಬೈತೆ’ ಅನ್ನುತ್ತಿದ್ದಳು. ಅಂಗಡಿಗೆ ಓಡಬೇಕು ಅಂತ ನಾವೇ ತಿಳಿದುಕೊಳ್ಳಬೇಕು. ದೀಪ ಆರಿಸು ಅನ್ನುವ ಹಾಗಿಲ್ಲ, ದೊಡ್ಡದು ಮಾಡು ಅನ್ನಬೇಕು. ಯಾರಿಗೋ ಕಾಯಿಲೆ ಜೋರಾಗಿದೆ ಅನ್ನುವ ಸುದ್ದಿ ಬೆಳಗಾಗುವವರೆಗೆ ಕಾಯಬೇಕು. ಮುಸ್ಸಂಜೆಯಲ್ಲಿ ಅಸ್ತು ದೇವತೆಗಳು ಮನೆಗಳ ಮೇಲೆ ತಿರುಗಾಡುತ್ತಿರುತ್ತಾರೆ, ನಾವು ಆಡಿದ್ದಕ್ಕೆಲ್ಲ ‘ಅಸ್ತು’ ಅಂದುಬಿಡುತ್ತಾರೆ, ಆಡಿದ್ದು ಹಾಗೇ ಆಗಿಬಿಡುತ್ತದೆ ಅಂತ ಅವಳ ನಂಬಿಕೆ. ನನಗೆ ನಂಬಿಕೆ ಇತ್ತೋ ಇಲ್ಲವೋ ಹೇಳಲಾರೆ. ಆದರೆ ಆ ಹೊತ್ತಿನಲ್ಲಿ ಕೆಟ್ಟ ಮಾತು ನಾಲಿಗೆಯ ತುದಿಗೆ ಬಂದರೆ ನನ್ನ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಚಿಕ್ಕಂದಿನಲ್ಲಿ ಬಿದ್ದ ಪೆಟ್ಟುಗಳು ಅಷ್ಟು ಬೇಗ ಬಿಟ್ಟುಹೋಗುವುದಿಲ್ಲ.

ನಮ್ಮದು ಯಲಹಂಕದ ಹಳೆಯ ಮನೆತನ. ರಾಗಿ ಹೊಲ, ಒಂದಿಷ್ಟು ದ್ರಾಕ್ಷಿ ತೋಟ. ನಾನು ಹಾರಲು ಕಲಿತದ್ದು ಐವತ್ತರ ದಶಕದ ಮೊದಲಿನಲ್ಲಿ, ಪಕ್ಕದ ಜಕ್ಕೂರಿನ ಮೈದಾನದಲ್ಲಿ. ಸೈಕಲ್ ತುಳಿದುಕೊಂಡು ಹೋಗುತ್ತಿದ್ದೆ. ಇಳಿಯುವ ಮೊದಲು ತಗ್ಗಿನಲ್ಲಿ ಒಂದು ಸುತ್ತು ಹಾರಿ, ಮೇಯುತ್ತಿದ್ದ ದನಗಳನ್ನು ಬೆದರಿಸಿ ಓಡಿಸಬೇಕಿತ್ತು. ಅವುಗಳಲ್ಲಿ ನಮ್ಮ ನೆಂಟರ ದನಗಳೂ ಇದ್ದವು. ಒಬ್ಬ ದೊಡ್ಡಪ್ಪ ಮನೆ ಬಾಗಿಲಿಗೇ ಬಂದು, “ನಿನ್ ಮಗ ಆಕಾಸದಿಂದ ಬಂದು ನಮ್ಮೆಮ್ಮೆ ಬೆದರ್ಸವ್ನೆ. ಬೆಳಗ್ಗಿಂದ ಆಲೇ ಇಳಿಸ್ತಿಲ್ಲ” ಅಂತ ಅಪ್ಪನ ಮೇಲೆ ಜಗಳ ತೆಗೆದಿದ್ದ. ಅಪ್ಪ ಮುಖ ಗಂಟು ಹಾಕಿಕೊಂಡು ಕ್ಷಮೆ ಕೇಳಿದ. ಅವನು ಹೋದ ಮೇಲೆ ಒಳಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಕೆಲಸಕ್ಕೆ ಸೇರುವ ಮೊದಲೇ ಅಪ್ಪ ತೀರಿಕೊಂಡ.

ಆಮೇಲೆ ಒಂದು ವಿಮಾನ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಡಕೋಟಾ ವಿಮಾನದ ಬಲಗಡೆ ಸೀಟು. ವಿಮಾನದ ಮೂತಿಯಲ್ಲಿ ಎರಡೇ ಸೀಟು ಇರುತ್ತವೆ. ಎಡಗಡೆ ಕ್ಯಾಪ್ಟನ್, ಬಲಗಡೆ ಕೋ-ಪೈಲಟ್. ಎಡಗಡೆಯವರು ಹೇಳುತ್ತಾರೆ, ಬಲಗಡೆಯವನು ಮಾಡುತ್ತಾನೆ. ಚಕ್ರ ಇಳಿಸು ಅಂದರೆ ಇಳಿಸುವುದು, ರೇಡಿಯೋದಲ್ಲಿ ಮಾತಾಡು ಅಂದರೆ ಮಾತಾಡುವುದು. ಎರಡು ಸೀಟುಗಳ ನಡುವೆ ಒಂದು ಮೊಳ ಜಾಗವೂ ಇಲ್ಲ. ಅಷ್ಟನ್ನು ದಾಟುವಷ್ಟರಲ್ಲಿ ನನ್ನ ತಲೆ ಅರ್ಧ ನರೆತುಹೋಯಿತು. ನನಗೆ ಬೇಕಾಗಿದ್ದದ್ದು ಆ ಎಡಗಡೆ ಸೀಟು ಒಂದೇ, ಬೇರೇನೂ ಅಲ್ಲ. ನಾನು ಅದಕ್ಕೆ ಲಾಯಕ್ಕು ಅಂತ ಹಿರಿಯ ಕ್ಯಾಪ್ಟನ್ನರು ಹೇಳಬೇಕು. ಅವರ ಒಂದು ಮಾತಿನ ಮೇಲೆ ನಮ್ಮ ಬದುಕು ನಿಂತಿತ್ತು.

ಅಂಥ ಹಿರಿಯರಲ್ಲಿ ಒಬ್ಬರು ನಮ್ಮ ಕಡೆಯವರೇ. ಹೆಬ್ಬಾಳದ ಕೆರೆ ಆಚೆ, ಕೆಂಪಾಪುರದಲ್ಲಿ ಅವರ ಮನೆ. ಸುತ್ತ ಸೀಬೆ ತೋಟ. ಯುದ್ಧದ ಕಾಲದಲ್ಲಿ ಬರ್ಮಾದ ಬೆಟ್ಟಗಳ ಮೇಲೆ ಹಾರಿದ್ದವರು. ಕಂಪನಿಯಲ್ಲಿ ಕನ್ನಡದವರು ಬೆರಳೆಣಿಕೆಯಷ್ಟೇ ಇದ್ದದ್ದರಿಂದ ಅವರಿಗೆ ನನ್ನ ಮೇಲೆ ಅಭಿಮಾನ. ತಮ್ಮ ಕಾರಿನಲ್ಲೇ ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋಗುತ್ತಿದ್ದರು, ಬರುವಾಗ ಹೆಬ್ಬಾಳದಲ್ಲಿ ಬಳ್ಳಾರಿ ರಸ್ತೆಯ ಮೇಲೆ ಇಳಿಸುತ್ತಿದ್ದರು. ಅಲ್ಲಿಂದ ನಾನು ಬಸ್ಸು ಹಿಡಿಯುತ್ತಿದ್ದೆ. ಸೀಬೆ ಕಾಲದಲ್ಲಿ ಅವ್ವನಿಗೆ ಅಂತ ಒಂದು ಚೀಲ ಹಣ್ಣು ಕೊಡುತ್ತಿದ್ದರು. ಅವ್ವ ಅವರನ್ನು ನೋಡದೆಯೇ ಒಳ್ಳೆಯವರು ಅಂತ ತೀರ್ಮಾನ ಮಾಡಿಬಿಟ್ಟಿದ್ದಳು.

ಒಳ್ಳೆಯವರೇ. ಕೈಯೂ ಅಷ್ಟೇ ಒಳ್ಳೆಯದು. ಅವರು ವಿಮಾನ ಇಳಿಸಿದರೆ ಚಕ್ರ ನೆಲ ಮುಟ್ಟಿದ್ದು ಗೊತ್ತಾಗುತ್ತಿರಲಿಲ್ಲ. ಆದರೆ ಅವರದೊಂದು ಕಟ್ಟುನಿಟ್ಟು ಇತ್ತು. ರನ್‌ವೇ ಕಣ್ಣಿಗೆ ಬಿದ್ದ ಮೇಲೆ ಪಕ್ಕದವನು ಉಸಿರೆತ್ತಬಾರದು. “ಊಟಕ್ಕೆ ಕೂತಾಗ, ಇಳಿಯೋವಾಗ ಮಾತು ಬೇಡ ಕಣಯ್ಯಾ” ಅನ್ನುತ್ತಿದ್ದರು. ಅದರ ಜೊತೆಗೆ ಇನ್ನೊಂದು. ಆಗಬಹುದಾದ ಕೆಟ್ಟದ್ದನ್ನು ಹೆಸರೆತ್ತಿ ಹೇಳಬಾರದು. ಎಂಜಿನ್ ಕೈಕೊಟ್ಟರೆ ಏನು ಮಾಡೋಣ ಅಂತ ಯಾರಾದರೂ ಶುರು ಮಾಡಿದರೆ ಅವರು ಕಿಟಕಿಯ ಕಡೆ ತಿರುಗಿ ‘ರಾಮ ರಾಮ’ ಅನ್ನುತ್ತಿದ್ದರು. ಅವರಿಗೂ ಒಬ್ಬ ತಾಯಿ ಇದ್ದಿರಬೇಕು, ಮುಸ್ಸಂಜೆಯಲ್ಲಿ ಬಾಯಿಗೆ ಹೊಡೆದಿರಬೇಕು. ಪಂಜಾಬಿನ, ಮದರಾಸಿನ ಕ್ಯಾಪ್ಟನ್ನರ ಜೊತೆ ನಾನು ಅಷ್ಟಿಷ್ಟು ಬಾಯಿ ಬಿಡುತ್ತಿದ್ದೆ. ಇವರ ಪಕ್ಕದಲ್ಲಿ ಕೂತರೆ ಮಾತ್ರ ನಮ್ಮ ಮನೆಯ ನಡುಮನೆಯಲ್ಲೇ ಕೂತ ಹಾಗೆ ಆಗುತ್ತಿತ್ತು.

ಒಂದು ಸಂಜೆ ಅವರೂ ನಾನೂ ದಕ್ಷಿಣದ ಒಂದು ಸಣ್ಣ ಊರಿಗೆ ಹೋಗುತ್ತಿದ್ದೆವು. ಅಲ್ಲಿಯ ರನ್‌ವೇ ಚಿಕ್ಕದು, ಅದಕ್ಕೆ ದೀಪಗಳಿಲ್ಲ, ಆಚೆ ತುದಿಗೆ ಒಂದು ಕೆರೆಯ ಏರಿ ಅಡ್ಡ ಮಲಗಿತ್ತು. ಕತ್ತಲಾಗುವ ಮೊದಲು ಇಳಿಯಲೇಬೇಕು. ಮೋಡ ಸುತ್ತಿಕೊಂಡು ಹೋದದ್ದರಿಂದ ತಡವಾಗಿತ್ತು. ನೆಲ ಕಂಡಾಗ ಇರಬೇಕಾದ್ದಕ್ಕಿಂತ ಮೇಲಿದ್ದೆವು, ವೇಗವೂ ಜಾಸ್ತಿ, ಸಾಲದ್ದಕ್ಕೆ ಬೆನ್ನ ಹಿಂದಿನಿಂದ ಮುಂದಕ್ಕೆ ತಳ್ಳುವ ಗಾಳಿ. ಆಗ ತಾನೇ ಮಳೆ ಬಿದ್ದು ರನ್‌ವೇ ಹೊಳೆಯುತ್ತಿತ್ತು. ಅವರು ಮೂತಿ ತಗ್ಗಿಸಿದರು. ತಗ್ಗಿಸಿದಷ್ಟೂ ವೇಗ ಏರಿತು. ರನ್‌ವೇಯ ಮೊದಲ ತುದಿ ನಮ್ಮ ಕೆಳಗೆ ಹಾದುಹೋಯಿತು, ನಾವು ಇನ್ನೂ ಗಾಳಿಯಲ್ಲೇ ತೇಲುತ್ತಿದ್ದೆವು. ಅರ್ಧ ರನ್‌ವೇ ಹೋಯಿತು. ಅವರ ಮುಖ ನೋಡಿದೆ. ಗಾಬರಿ ಏನೂ ಇರಲಿಲ್ಲ, ಅದೇ ಹಳೆಯ ನೆಮ್ಮದಿ. ಅಲ್ಲಿ ಅದೆಷ್ಟೋ ಸಲ ಇಳಿದಿದ್ದರು, ಪ್ರತಿ ಸಲವೂ ಸರಿಹೋಗಿತ್ತು. ಅನುಭವ ಅನ್ನುವುದರಲ್ಲಿ ಅರ್ಧ ಪಾಲು ಹೀಗೆ ಸರಿಹೋದ ಸಲಗಳ ನೆನಪೇ ಇರುತ್ತದೆ ಅಂತ ನನಗೆ ಆಮೇಲೆ ಅನ್ನಿಸಿತು. ಆಗ ಏನೂ ಅನ್ನಿಸಲಿಲ್ಲ. ಏರಿಯ ಮೇಲಿನ ಹುಣಸೆಮರ ದೊಡ್ಡದಾಗುತ್ತಿತ್ತು, ಅಷ್ಟೇ.

“ಸಾರ್, ನಿಲ್ಲಲ್ಲ” ಅಂದೆ. ಅವರು ಕೇಳದವರ ಹಾಗೆ ಇದ್ದರು. ನಾನು ಕೂಗಿದೆ. “ನಿಲ್ಲಲ್ಲ ಸಾರ್! ಎತ್ತಿ! ಏರಿಗೆ ಹೊಡೀತೀವಿ!”

ಎಂಜಿನ್ ಹಿಡಿಕೆಗಳ ಮೇಲಿದ್ದ ಅವರ ಕೈ ತಾನಾಗಿಯೇ ಮುಂದೆ ಹೋಯಿತು. ಎಂಜಿನ್ನುಗಳು ಅಬ್ಬರಿಸಿದವು, ಹುಣಸೆಮರದ ತಲೆ ನಮ್ಮ ಹೊಟ್ಟೆಯ ಕೆಳಗೆ ಸರಿದುಹೋಯಿತು. ಒಂದು ಸುತ್ತು ಹಾಕಿ, ಉಳಿದಿದ್ದ ಮಬ್ಬು ಬೆಳಕಿನಲ್ಲಿ ಏರಿಯ ಕಡೆಯಿಂದಲೇ ಬಂದು ಹೂವಿನ ಹಾಗೆ ಇಳಿಸಿದರು. ಪ್ರಯಾಣಿಕರಿಗೆ ಏನೂ ಗೊತ್ತಾಗಲಿಲ್ಲ. ಊರು ಮೇಲಿನಿಂದ ಚೆನ್ನಾಗಿ ಕಂಡಿತು ಅಂತ ಒಬ್ಬರು ಇಳಿಯುವಾಗ ಥ್ಯಾಂಕ್ಸ್ ಹೇಳಿ ಹೋದರು.

ಮಾರನೆಯ ದಿನ ಬೆಂಗಳೂರಿಗೆ ವಾಪಸು ಬಂದೆವು. ಕಾರಿನಲ್ಲಿ ಅವರು ಹೆಬ್ಬಾಳದ ಕೆರೆ ಕಂಡಾಗ ಬಾಯಿ ಬಿಟ್ಟರು.

“ನೀನು ಅಂದಿದ್ದು ಸರಿಯೋ ತಪ್ಪೋ, ಅದು ಬಿಡು. ದೀಪ ಹಚ್ಚೋ ಹೊತ್ತಲ್ಲಿ ಏರಿಗೆ ಹೊಡೀತೀವಿ ಅಂದೆಯಲ್ಲ ಕಣಯ್ಯಾ. ಅಷ್ಟು ಜನರನ್ನ ಬೆನ್ನ ಹಿಂದೆ ಕೂರಿಸ್ಕೊಂಡು. ಅಂಥಾ ಮಾತು ಬಾಯಲ್ಲಿ ಯಾಕೆ ಬರ್ಬೇಕು?”

“ಬೇರೆ ಏನ್ ಹೇಳ್ಬೇಕಿತ್ತು ಸಾರ್?”

“ಏನಾದ್ರೂ ಆಯ್ತಾ?”

“ಆಗ್ಲಿಲ್ಲ ಸಾರ್.”

“ಮತ್ತೆ?” ಅಂದರು. ಸಿಟ್ಟಿರಲಿಲ್ಲ. ನೊಂದುಕೊಂಡಿದ್ದರು. ಕಾರು ನಿಲ್ಲಿಸಿ ನನ್ನನ್ನು ಇಳಿಸಿದರು. ಆ ಸಲ ಸೀಬೆಹಣ್ಣು ಕೊಡಲಿಲ್ಲ.

ಅವ್ವನಿಗೆ ನನ್ನ ಮುಖ ನೋಡಿದರೆ ಸಾಕು. ಎಲ್ಲ ಹೇಳಿದೆ. ಅವಳು ಎದೆ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ನನ್ನ ಪರ ವಹಿಸುತ್ತಾಳೆ ಅಂದುಕೊಂಡಿದ್ದೆ.

“ಆ ಒತ್ತಿನಾಗೆ ಅಂತಾ ಮಾತ್ ಯಾಕ್ ಆಡ್ದೆ? ದ್ಯಾವ್ರು ದೊಡ್ಡೋನು, ಕೇಳಿಸ್ಕಳ್ನಿಲ್ಲ. ಆ ಪುಣ್ಯಾತ್ಮರು ಬೇಜಾರ್ ಮಾಡ್ಕಂಡಿದ್ರಾಗೆ ತೆಪ್ಪೇನೈತೆ?” ಅಂದಳು. ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಮನೆಯೆಲ್ಲ ಕೆಮ್ಮು. ಅವತ್ತು ನನಗೆ ಬಂದ ಸಿಟ್ಟು ಕ್ಯಾಪ್ಟನ್ನರ ಮೇಲಲ್ಲ, ಅವ್ವನ ಮೇಲೆ.

ಎಡಗಡೆ ಸೀಟಿನ ಸರದಿ ಬಂದಾಗ ಹಿರಿಯರ ಅಭಿಪ್ರಾಯ ಕೇಳಿದರು. ಕೈ ಚೆನ್ನಾಗಿದೆ, ಧೈರ್ಯ ಸಾಲದು ಅಂತ ಕೆಂಪಾಪುರದ ಕ್ಯಾಪ್ಟನ್ನರು ಹೇಳಿದರಂತೆ. ಅವರು ಸುಳ್ಳು ಹೇಳಿದರು ಅಂತ ನಾನು ಅನ್ನಲಾರೆ. ಅವರಿಗೆ ಕಂಡದ್ದು ಅದೇ. ನನ್ನ ನಂತರ ಸೇರಿದವನು ಎಡಗಡೆ ಕೂತ, ನಾನು ಬಲಗಡೆಯೇ ಉಳಿದೆ. ಏರಿಯ ಕಥೆ ಕಂಪನಿಯಲ್ಲೆಲ್ಲ ಹಬ್ಬಿ ಜೊತೆಯವರಿಗೆ ನಾನೊಂದು ತಮಾಷೆಯಾದೆ. ಟೀ ಲೋಟ ಮೇಜಿನ ಮೇಲಿಡುತ್ತಾ, “ಏನ್ ಗುರು, ಇದಾದ್ರೂ ನಿಲ್ಲುತ್ತಾ?” ಅನ್ನುತ್ತಿದ್ದರು. ಮೊದಮೊದಲು ನಗುತ್ತಿದ್ದೆ. ಆಮೇಲೆ ನಕ್ಕ ಹಾಗೆ ಮಾಡುತ್ತಿದ್ದೆ.

ನನ್ನನ್ನು ಹಣ್ಣು ಮಾಡಿದ್ದು ಆ ತಮಾಷೆಯಲ್ಲ. ಆಗದೇ ಹೋದ ಅಪಘಾತಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಸುಟ್ಟ ರೆಕ್ಕೆ ಇಲ್ಲ, ಮುರಿದ ಮರ ಇಲ್ಲ, ಅತ್ತವರು ಯಾರೂ ಇಲ್ಲ. ಇಲ್ಲದ್ದನ್ನು ತೋರಿಸಿ ನೋಡಿ ನಾನು ಹೇಳಿದ್ದು ಸರಿ ಅನ್ನುವುದು ಹೇಗೆ? ಬಹುಶಃ ನಿಂತೇಬಿಡುತ್ತಿತ್ತೋ ಏನೋ ಅಂತ ನನಗೇ ಅನುಮಾನ ಶುರುವಾಯಿತು. ಬಸ್ಸಿನ ಕಿಟಕಿಯಿಂದ ಯಲಹಂಕದ ಕೆರೆ ಏರಿ ಕಂಡರೆ ಸಾಕು, ಹುಣಸೆಮರ ನೆನಪಾಗುತ್ತಿತ್ತು. ಬಸ್ಸಿನಲ್ಲಿ ಕೂತಲ್ಲೇ ತೂಕಡಿಸುತ್ತಿದ್ದೆ. ಮನೆಗೆ ಬಂದರೆ ಯಾರ ಜೊತೆಯೂ ಮಾತು ಬೇಡವಾಗಿತ್ತು. ಹೆಂಡತಿ ಏನು ಕೇಳಿದರೂ ‘ಏನೂ ಇಲ್ಲ’ ಅನ್ನುತ್ತಿದ್ದೆ.

ಹೀಗೆ ಕೆಲವು ವರ್ಷ ಕಳೆದ ಮೇಲೆ ಒಂದು ಮಳೆಗಾಲದ ಸಂಜೆ ಅದೇ ಕ್ಯಾಪ್ಟನ್ನರು, ಅದೇ ಸಣ್ಣ ಊರಿನಲ್ಲಿ, ಅದೇ ಏರಿಗೆ ಹೊಡೆದರು. ವಿಮಾನ ಏರಿ ದಾಟಿ ಕೆರೆಯ ಕೆಸರಿನಲ್ಲಿ ಮೂತಿ ಹೂತು ನಿಂತಿತು. ಪ್ರಯಾಣಿಕರು ಪೆಟ್ಟು ತಿಂದು ಉಳಿದುಕೊಂಡರು. ಕ್ಯಾಪ್ಟನ್ನರ ಕೈ ಮುರಿಯಿತು. ಬಲಗಡೆ ಕೂತಿದ್ದವನು ಸತ್ತ. ಹೊಸಬ, ಆಗ ತಾನೇ ಮದುವೆಯಾಗಿದ್ದವನು. ನಾನು ಅವನಿಗೆ ರೇಡಿಯೋ ಹೇಳಿಕೊಟ್ಟಿದ್ದೆ. ನನ್ನ ಸೀಟು ಅದು ಅನ್ನುವ ಯೋಚನೆ ಮೊದಲು ಬಂತು. ಆಮೇಲೆ ಅಳು ಬಂತು.

ಕಾಕ್‌ಪಿಟ್ಟಿನಲ್ಲಿ ಆಡಿದ ಮಾತು ಹಿಡಿದಿಡುವ ಪೆಟ್ಟಿಗೆ ಆಗ ನಮ್ಮ ವಿಮಾನಗಳಲ್ಲಿ ಇರಲಿಲ್ಲ. ಒಳಗೆ ಏನು ನಡೆಯಿತು ಅನ್ನುವುದು ಉಳಿದವರ ಬಾಯಿಗೆ ಬಿಟ್ಟದ್ದು. ಹೊಸ ಹುಡುಗ, ಗಾಬರಿಯಾಗಿ ಏನೋ ಎಡವಟ್ಟು ಮಾಡಿರಬೇಕು ಅಂತ ಆಫೀಸಿನಲ್ಲಿ ಗುಸುಗುಸು ಹಬ್ಬಿತು. ಸತ್ತವನು ಎದ್ದು ಬಂದು ಇಲ್ಲ ಅನ್ನುವುದಿಲ್ಲವಲ್ಲ. ವಿಚಾರಣೆಗೆ ನನ್ನನ್ನೂ ಕರೆದರು, ಆ ಕ್ಯಾಪ್ಟನ್ನರ ಜೊತೆ ಬಹಳ ಹಾರಿದವನು ಅಂತ. ಕಂಪನಿಯ ದೊಡ್ಡವರೊಬ್ಬರು ಮೊದಲೇ ನನ್ನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈ ಹಾಕಿದರು.

“ನಿಮ್ಮ ಹಳೇ ಕಥೆ ಅಲ್ಲಿ ಎತ್ತೋದೇನೂ ಬೇಡ. ಅವತ್ತು ಏನೂ ಆಗಿರ್ಲಿಲ್ಲವಲ್ಲ. ಈ ಸಲ ಎಡಗಡೆ ಸೀಟಿಗೆ ನಿಮ್ಮ ಹೆಸರಿದೆ, ನೆನಪಿರ್ಲಿ.”

ಹೇಳಿದರೆ ಸೀಟು ಹೋಗುತ್ತದೆ. ಹೇಳದಿದ್ದರೆ ತಪ್ಪೆಲ್ಲ ಆ ಹುಡುಗನ ತಲೆಗೆ. ಇಷ್ಟು ಸರಳ. ಆದರೂ ನನಗೆ ತೀರ್ಮಾನ ಮಾಡಲಾಗಲಿಲ್ಲ. ಅಷ್ಟು ದಣಿದಿದ್ದೆ. ನಾನು ಆಡಿದ ಒಂದು ಮಾತು ನನ್ನನ್ನು ಅಷ್ಟು ವರ್ಷ ತಿಂದಿತ್ತು, ಇನ್ನೊಂದು ಮಾತು ಆಡುವ ತ್ರಾಣ ಉಳಿದಿರಲಿಲ್ಲ.

ವಿಚಾರಣೆಯ ಹಿಂದಿನ ದಿನ ಸಂಜೆ ನಮ್ಮ ಮನೆಯ ಮುಂದೆ ಕಾರು ನಿಂತಿತು. ಕ್ಯಾಪ್ಟನ್ನರು. ಕಾರು ಓಡಿಸಲು ಯಾರನ್ನೋ ಕರೆದುಕೊಂಡು ಬಂದಿದ್ದರು. ಬಲಗೈ ಬಟ್ಟೆಯ ಜೋಲಿಯಲ್ಲಿತ್ತು. ಒಂದೇ ಸಲಕ್ಕೆ ಮುದುಕರಾಗಿದ್ದರು. ಹೊಸ್ತಿಲಲ್ಲೇ ನಿಂತರು, ನಾನು ಒಳಗೆ ಕರೆದು ಕೂರಿಸಿದೆ. ಬಾಯಿ ಮುಚ್ಚಿಕೊಂಡಿರು ಅಂತ ಕೇಳಲು ಬಂದಿದ್ದಾರೆ ಅಂದುಕೊಂಡೆ. ಕೇಳಿದರೆ ಒಪ್ಪಿಕೊಂಡುಬಿಡುತ್ತೇನೇನೋ ಅಂತ ನನಗೇ ಭಯ. ಅವ್ವ ಕಾಫಿ ತಂದಿಟ್ಟು, ದೇವರ ಮುಂದೆ ಹೋಗಿ ಬತ್ತಿ ಹೊಸೆಯುತ್ತಾ ಕೂತಳು.

ಅವರು ಕಾಫಿ ಮುಟ್ಟಲಿಲ್ಲ. “ಆ ಹುಡುಗ ಸೀಟಲ್ಲೇ ಚಡಪಡಿಸ್ತಿದ್ದ ಕಣಯ್ಯಾ” ಅಂದರು. “ಎರಡು ಸಲ ನನ್ನ ಕಡೆ ತಿರುಗಿದ. ಬಾಯಿ ತೆಗೆದ. ನಾನು ಕೈ ಎತ್ತಿ ಸುಮ್ನಿರು ಅಂತ ಸನ್ನೆ ಮಾಡಿದೆ. ಸುಮ್ಮನಾದ.”

ಅವ್ವ ಬೆಂಕಿಕಡ್ಡಿ ಗೀರಿದಳು.

“ಒಂದು ವಿಷಯ ಕೇಳೋಕೆ ಬಂದೆ. ಅವತ್ತು ನೀನು ಕೂಗಿದೆಯಲ್ಲ, ಅವತ್ತು ನಿಲ್ತಿತ್ತಾ? ನಾನು ಇಷ್ಟು ದಿನ ನಿಲ್ತಿತ್ತು ಅಂತಾನೇ ಅಂದ್ಕೊಂಡಿದ್ದೆ. ನಿಜ ಹೇಳು.”

ಆ ಪ್ರಶ್ನೆಗಾಗಿ ಎಷ್ಟು ವರ್ಷ ಕಾದಿದ್ದೆ. ಇವರ ಬಾಯಿಂದಲೇ ಅದು ಬರಬೇಕು, ನಾನು ಉತ್ತರ ಹೇಳಬೇಕು, ಅವರು ತಲೆ ತಗ್ಗಿಸಬೇಕು ಅಂತ ಬಸ್ಸಿನಲ್ಲಿ ಎಷ್ಟು ಸಲ ಮನಸ್ಸಿನಲ್ಲೇ ಆಡಿಕೊಂಡಿದ್ದೆ. ಈಗ ಎದುರಿಗೆ ಕೂತಿದ್ದರು, ತಲೆ ಆಗಲೇ ತಗ್ಗಿತ್ತು. ದೀಪ ಹತ್ತಿಕೊಂಡಿತ್ತು. ನನ್ನ ನಾಲಿಗೆ ಹಳೆಯ ಅಭ್ಯಾಸಕ್ಕೆ ಬಿತ್ತು.

“ಹೇಗೆ ಹೇಳೋದು ಸಾರ್. ಆಗದೇ ಇರೋದು. ನಿಲ್ತಿತ್ತೋ ಏನೋ” ಅಂದೆ.

ದೇವರ ಮುಂದಿನಿಂದ ಅವ್ವ ಎದ್ದು ಬಂದಳು. ಕೈಯಲ್ಲಿ ಇನ್ನೂ ಎಣ್ಣೆ. ಹಿರಿಯರ ಎದುರಿಗೆ ಸೆರಗು ಸರಿಮಾಡಿಕೊಳ್ಳದೆ ಅವಳು ನಿಂತದ್ದನ್ನು ನಾನು ಆವರೆಗೆ ನೋಡಿರಲಿಲ್ಲ.

“ನಿಲ್ತಿರ್ನಿಲ್ಲ ಸ್ವಾಮಿ” ಅಂದಳು. “ಇವ್ನು ಬಾಯ್ ಬುಡ್ದೆ ಇದ್ದಿದ್ರೆ ಅವತ್ತೇ ಏರಿಗೆ ಒಡೀತಿತ್ತು. ನೀವೂ ಸತ್ತೋಯ್ತಿದ್ರಿ. ನನ್ ಮಗಾನೂ ಸತ್ತೋಯ್ತಿದ್ದ.”

ಅಡಿಗೆಮನೆಯಲ್ಲಿ ಹೆಂಡತಿಯ ಪಾತ್ರೆಗಳ ಸದ್ದು ನಿಂತಿತು. ಸಾವು ಅನ್ನುವ ಮಾತನ್ನು ಆ ಹೊತ್ತಿನಲ್ಲಿ, ಉರಿಯುವ ದೀಪದ ಮುಂದೆ, ನನ್ನ ಹೆಸರಿಗೆ ಸೇರಿಸಿ ಅವಳು ಆಡಿದ್ದಳು. ಅಪ್ಪ ಸತ್ತ ದಿನ ಸಂಜೆ ಕೂಡ ಅವಳ ಬಾಯಲ್ಲಿ ಆ ಪದ ಬಂದಿರಲಿಲ್ಲ. ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಕ್ಯಾಪ್ಟನ್ನರು ಎಡಗೈಯಲ್ಲಿ ಲೋಟ ಎತ್ತಿಕೊಂಡು, ಆರಿಹೋಗಿದ್ದ ಕಾಫಿ ಕುಡಿದರು. “ಹೌದಮ್ಮಾ” ಅಂದರು. ಎದ್ದು ನಿಂತು ನನ್ನ ಕಡೆ ತಿರುಗಿ, “ನಾಳೆ ಹಾಗೇ ಹೇಳು” ಅಂದರು. ಬರ್ತೀನಿ ಅಂತ ಅವ್ವನಿಗೆ ತಲೆಬಾಗಿ ಹೊರಟರು.

ಮಾರನೆಯ ದಿನ ಅವರನ್ನೇ ಮೊದಲು ಕೇಳಿದರು. “ಮಾತಾಡಬೇಡ ಅಂದವನು ನಾನು. ಅವನು ನನ್ನ ಮಾತು ಮೀರಲಿಲ್ಲ, ಅದೊಂದೇ ಅವನು ಮಾಡಿದ್ದು” ಅಂತ ಇಂಗ್ಲಿಷಿನಲ್ಲಿ ಹೇಳಿದರು. ಕುಳಿತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಸರದಿಯಲ್ಲಿ ನಾನೂ ಹುಣಸೆಮರದಿಂದ ಹಿಡಿದು ಎಲ್ಲ ಹೇಳಿದೆ. ಮೊದಲೇ ಹೇಳಿದ್ದರೆ ಈ ಹುಡುಗ ಉಳಿಯುತ್ತಿರಲಿಲ್ಲವೇ ಅಂತ ಒಬ್ಬರು ಕೇಳಿದರು. ಎಲ್ಲರಿಗೂ ಗೊತ್ತಿತ್ತು ಸಾರ್, ಟೀ ಕುಡಿಯುವಾಗ ನಗುತ್ತಿದ್ದರು ಅಂದೆ. ಹುಡುಗನ ಮೇಲಿನ ಗುಸುಗುಸು ಅಲ್ಲಿಗೆ ನಿಂತಿತು. ಕ್ಯಾಪ್ಟನ್ನರು ಮತ್ತೆ ಹಾರಲಿಲ್ಲ, ಸೀಬೆ ತೋಟ ನೋಡಿಕೊಂಡು ಉಳಿದರು. ಆ ಸಲದ ಎಡಗಡೆ ಸೀಟು ನನಗೆ ಸಿಗಲಿಲ್ಲ. ಸಿಗುವುದಿಲ್ಲ ಅಂತ ಗೊತ್ತಿದ್ದೂ ಬೇಜಾರಾಯಿತು. ಯಾಕಾಗಬಾರದು? ಮುಂದೆ ಸಿಕ್ಕಿತು, ಆಸೆ ಸತ್ತ ಮೇಲೆ.

ಆದರೆ ನನಗೆ ನೆನಪಿರುವುದು ವಿಚಾರಣೆ ಮುಗಿದ ಮೇಲೆ ಮೊದಲ ಸಲ ಡ್ಯೂಟಿಗೆ ಹೊರಟ ಸಂಜೆ. ಮತ್ತೆ ಬಲಗಡೆ ಸೀಟು, ಇನ್ನೊಬ್ಬರು ಕ್ಯಾಪ್ಟನ್. ಯೂನಿಫಾರ್ಮ್ ಹಾಕಿಕೊಂಡು ನಡುಮನೆಗೆ ಬಂದೆ. ಅವ್ವ ಆಗಷ್ಟೇ ದೀಪ ಹಚ್ಚಿದ್ದಳು. ಹೊರಡುವವರ ಹತ್ತಿರ ಅವಳು ಬೇರೇನೂ ಮಾತಾಡುವವಳಲ್ಲ, ಹುಷಾರು ಅಂತ ಕೂಡ ಅನ್ನುವವಳಲ್ಲ, ಹುಷಾರು ಅಂದರೆ ಅಪಾಯವನ್ನು ಕರೆದ ಹಾಗೆ ಅಂತ. ಸುಮ್ಮನೆ ಹಣೆಗೆ ಕುಂಕುಮ ಇಟ್ಟು ಕಳಿಸುತ್ತಿದ್ದಳು. ಅವತ್ತೂ ಕುಂಕುಮ ಇಟ್ಟಳು. ಇಟ್ಟವಳು ನನ್ನ ತೋಳು ಬಿಡಲಿಲ್ಲ.

“ನೋಡು, ಅಲ್ಲಿ ಏನಾರಾ ಕೆಟ್ಟದ್ದು ಕಂಡ್ರೆ ಒತ್ತು ಗೊತ್ತು ನೋಡ್ಬ್ಯಾಡ” ಅಂದಳು. “ಯಾರ್ ಎದುರ್ಗಿದ್ರೂ ಸರಿ, ಬಾಯ್ ಬುಟ್ಟು ಯೋಳ್ಬುಡು. ಅಸ್ತು ಅನ್ನೋರ್ನ ಇಲ್ಲಿ ನಾನ್ ನೋಡ್ಕಂತೀನಿ.”